ಬೇವಿನ ಕಷಾಯದಲ್ಲಿ ಹುಟ್ಟುವ ಬೆಳ್ಳಿ

ಹತ್ತು ಗ್ರಾಂ ಬೇವಿನ ಎಲೆಯನ್ನು ತೊಳೆದು, ಸಣ್ಣಗೆ ಹೆಚ್ಚಿ, ನೂರು ಮಿಲಿಲೀಟರ್ ಬಟ್ಟಿ ಇಳಿಸಿದ ನೀರಿನಲ್ಲಿ ಕುದಿಸಿ ಸೋಸಿದರೆ ತಿಳಿಹಳದಿ ಕಷಾಯ ಸಿಗುತ್ತದೆ. ಇನ್ನೊಂದು ಫ್ಲಾಸ್ಕಿನಲ್ಲಿ ನೂರು ಮಿಲಿಲೀಟರ್ ನೀರು, ಅದರಲ್ಲಿ ಕರಗಿದ 17 ಮಿಲಿಗ್ರಾಂ ಸಿಲ್ವರ್ ನೈಟ್ರೇಟ್. ಒಂದು ಚಿಟಿಕೆಗೂ ಎಷ್ಟೋ ಕಡಿಮೆ. ಈ ನೀರಿಗೆ ಸ್ವಲ್ಪ ಕಷಾಯ ಬೆರೆಸಿ ಕಾಯಬೇಕು. ಮೊದಲು ಏನೂ ಆಗದು. ಆಮೇಲೆ ದ್ರಾವಣ ಜೇನಿನ ಬಣ್ಣಕ್ಕೆ ತಿರುಗುತ್ತದೆ, ಬರಬರುತ್ತಾ ಕಾಫಿ ಡಿಕಾಕ್ಷನ್ನಿನಂತೆ ಗಾಢವಾಗುತ್ತದೆ. ಹೊಗೆಯಿಲ್ಲ, ನೊರೆಯಿಲ್ಲ. ಬಣ್ಣ ಬಂತೆಂದರೆ ನೀರಿನೊಳಗೆ ಬೆಳ್ಳಿಯ ನ್ಯಾನೋ ಕಣಗಳು ಹುಟ್ಟಿವೆ ಎಂದರ್ಥ.

ಬೆಳ್ಳಗಿರುವ ಬೆಳ್ಳಿ ಕಂದಾಗುವುದು ಹೇಗೆ? ಕಣ ಅಷ್ಟು ಚಿಕ್ಕದಾದಾಗ ಅದರ ಮೇಲ್ಮೈಯ ಎಲೆಕ್ಟ್ರಾನುಗಳೆಲ್ಲ ಬೆಳಕಿನ ಜೊತೆ ಒಂದೇ ಲಯದಲ್ಲಿ ತೂಗುತ್ತವೆ. 400ರಿಂದ 450 ನ್ಯಾನೋಮೀಟರ್ ಆಸುಪಾಸಿನ ನೇರಳೆ, ನೀಲಿ ಬೆಳಕನ್ನು ಹೀರಿಕೊಳ್ಳುತ್ತವೆ. ಉಳಿದ ಬೆಳಕು ನಮ್ಮ ಕಣ್ಣಿಗೆ ಹಳದಿ, ಕಂದಾಗಿ ಕಾಣುತ್ತದೆ. ಚಿನ್ನದ ಕಣಗಳು ಹೀಗೆಯೇ ಮಾಣಿಕ್ಯದ ಕೆಂಪು ತೋರುವುದನ್ನು ಮೈಕೆಲ್ ಫ್ಯಾರಡೆ 1857ರಲ್ಲೇ ವಿವರಿಸಿದ್ದ. ಅವನು ತಯಾರಿಸಿದ ಚಿನ್ನದ ದ್ರಾವಣಗಳು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಇಂದಿಗೂ ಇವೆ.

ಎಲೆ ಮಾಡುವ ಕೆಲಸ ಎರಡು. ನೀರಿನಲ್ಲಿ ಕರಗಿದ ಬೆಳ್ಳಿಯ ಅಯಾನಿಗೆ ಒಂದು ಎಲೆಕ್ಟ್ರಾನಿನ ಕೊರತೆ. ಎಲೆಯ ಪಾಲಿಫೀನಾಲ್, ಫ್ಲೇವನಾಯ್ಡ್‌ನಂಥ ವಸ್ತುಗಳು ಅದನ್ನು ಒದಗಿಸುತ್ತವೆ. ಲೋಹವಾದ ಪರಮಾಣುಗಳು ಗುಂಪುಗೂಡಿ ಕಣವಾಗುತ್ತವೆ. ಗುಂಪು ಬೆಳೆದು ಗಂಟಾಗದಂತೆ ಎಲೆಯದೇ ಪ್ರೋಟೀನು ಮತ್ತಿತರ ವಸ್ತುಗಳು ಮೇಲೊಂದು ಹೊದಿಕೆ ಹೊದಿಸುತ್ತವೆ. ರೂಢಿಯ ವಿಧಾನದಲ್ಲಿ ಎಲೆಕ್ಟ್ರಾನ್ ಒದಗಿಸಲು ಸೋಡಿಯಂ ಬೋರೋಹೈಡ್ರೈಡ್‌ನಂಥ ಕಟು ರಾಸಾಯನಿಕ ಬೇಕು, ಕಣಗಳನ್ನು ಕಾಯಲು ಮತ್ತೊಂದು ಬೇಕು.

ಈ ದಾರಿ ತೆರೆದವರಲ್ಲಿ ನಮ್ಮ ದೇಶದ ವಿಜ್ಞಾನಿಗಳು ಮುಂಚೂಣಿಯಲ್ಲಿದ್ದಾರೆ ಎಂಬುದು ಹೆಮ್ಮೆಯ ಮಾತು. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಮುರಳಿ ಶಾಸ್ತ್ರಿ ಅವರ ತಂಡ 2003ರಲ್ಲಿ ಜೆರೇನಿಯಂ ಎಲೆಯಿಂದ, 2004ರಲ್ಲಿ ಬೇವಿನಿಂದ ಕಣ ತಯಾರಿಸಿ ತೋರಿಸಿತು. ಅದೇ ವರ್ಷ ಮಜ್ಜಿಗೆ ಹುಲ್ಲಿನ ರಸದಲ್ಲಿ ತ್ರಿಕೋನಾಕಾರದ ಚಿನ್ನದ ಕಣಗಳನ್ನು ಪಡೆಯಿತು. ಆಮೇಲೆ ತುಳಸಿ, ಲೋಳೆಸರ, ದಾಸವಾಳ ಎಂದು ಸಂಶೋಧಕರು ಕೈಯಿಡದ ಗಿಡವಿಲ್ಲ.

ಬೆಳ್ಳಿಗೂ ರೋಗಾಣುವಿಗೂ ಇರುವ ವೈರ ಹಳೆಯದು. ಪರ್ಷಿಯದ ದೊರೆ ಸೈರಸ್ ಯುದ್ಧಕ್ಕೆ ಹೊರಟಾಗ ಕುದಿಸಿದ ನೀರನ್ನು ಬೆಳ್ಳಿಯ ಪಾತ್ರೆಗಳಲ್ಲಿ ಒಯ್ಯುತ್ತಿದ್ದನೆಂದು ಹೆರೊಡೋಟಸ್ ಬರೆದಿದ್ದಾನೆ. ಜರ್ಮನಿಯ ಹೆರಿಗೆ ವೈದ್ಯ ಕ್ರೆಡೆ 1880ರ ಸುಮಾರಿಗೆ ನವಜಾತ ಶಿಶುಗಳ ಕಣ್ಣಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕಿ ಎಷ್ಟೋ ಮಕ್ಕಳ ದೃಷ್ಟಿ ಉಳಿಸಿದ. ಸುಟ್ಟಗಾಯಕ್ಕೆ ಹಚ್ಚುವ ಸಿಲ್ವರ್ ಸಲ್ಫಾಡಯಜೀನ್ ಮುಲಾಮು ಇಂದಿಗೂ ಆಸ್ಪತ್ರೆಗಳಲ್ಲಿದೆ. ನಮ್ಮ ಮನೆಗಳಲ್ಲಿ ಮಗುವಿಗೆ ಹಾಲು ಕುಡಿಸಲು ಬೆಳ್ಳಿಯ ಒಳಲೆ ಇರುತ್ತಿತ್ತಲ್ಲ!

ನ್ಯಾನೋ ಆದಾಗ ಹೆಚ್ಚುವುದು ಮೇಲ್ಮೈ. ಒಂದು ಸೆಂಟಿಮೀಟರ್ ಬದಿಯ ಬೆಳ್ಳಿಯ ಘನಕ್ಕೆ ಆರು ಚದರ ಸೆಂಟಿಮೀಟರ್ ಮೈ. ಅದನ್ನೇ ಹತ್ತು ನ್ಯಾನೋಮೀಟರಿನ ಘನಗಳಾಗಿ ಕತ್ತರಿಸಿದರೆ ಒಟ್ಟು ಮೈ 600 ಚದರ ಮೀಟರ್. ಮೂವತ್ತು-ನಲವತ್ತರ ಐದು ಸೈಟು ಮುಚ್ಚಿಯೂ ಮಿಗುತ್ತದೆ. ಅಷ್ಟಗಲದ ಮೈಯಿಂದ ಬಿಡುಗಡೆಯಾಗುವ ಅಯಾನುಗಳು ಬ್ಯಾಕ್ಟೀರಿಯಾದ ಪ್ರೋಟೀನುಗಳಲ್ಲಿರುವ ಗಂಧಕಕ್ಕೆ ಅಂಟಿ ಅವುಗಳ ಕೆಲಸ ಕೆಡಿಸುತ್ತವೆ, ಪೊರೆಯನ್ನು ಹರಿಯುತ್ತವೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳೇ ನೇರ ಕಾರಣವಾಗಿ 2019ರಲ್ಲಿ ಜಗತ್ತಿನಲ್ಲಿ 12.7 ಲಕ್ಷ ಜನ ಸತ್ತರೆಂಬ ಅಂದಾಜಿದೆ. ಅಂಥ ಹೊತ್ತಿನಲ್ಲಿ ಈ ಕಣಗಳ ಮೇಲೆ ಆಸೆ ಹುಟ್ಟುವುದು ಸಹಜ.

ಹಾಗೆಂದು ಬೆಳ್ಳಿಗೂ ಬ್ಯಾಕ್ಟೀರಿಯಾ ಸುಮ್ಮನೆ ಶರಣಾಗುವುದಿಲ್ಲ. ಜೆಕ್ ವಿಜ್ಞಾನಿಗಳು 2018ರಲ್ಲಿ ಒಂದು ಸೋಜಿಗ ಕಂಡರು. ಕಣಗಳನ್ನು ಮತ್ತೆ ಮತ್ತೆ ಎದುರಿಸಿದ ಇ-ಕೋಲೈ, ತನ್ನ ಬಾಲದ ಪ್ರೋಟೀನಾದ ಫ್ಲ್ಯಾಜೆಲಿನ್ನನ್ನು ಹೊರಚೆಲ್ಲಿ ಕಣಗಳನ್ನು ಗಂಟುಕಟ್ಟಿಸಿಬಿಟ್ಟಿತು. ಗಂಟಾದ ಬೆಳ್ಳಿಗೆ ಕೊಲ್ಲುವ ಕಸುವಿಲ್ಲ. ಆ ಪ್ರೋಟೀನು ತಯಾರಾಗದಂತೆ ತಡೆದದ್ದು ಯಾವುದು ಗೊತ್ತೇ? ದಾಳಿಂಬೆ ಸಿಪ್ಪೆಯ ಸಾರ!

ಇಷ್ಟೆಲ್ಲ ಇದ್ದೂ ಎಲೆಯಲ್ಲಿ ಹುಟ್ಟಿದ ಕಣ ಔಷಧವಾಗುವ ದಾರಿ ಇನ್ನೂ ಉದ್ದವಿದೆ. ನನ್ನ ಮಟ್ಟಿಗೆ ತೊಡಕಿರುವುದು ಪರೀಕ್ಷೆಯ ತಟ್ಟೆಯಲ್ಲಿ. ಅಗಾರ್ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಹರಡಿ, ಕಣದ ದ್ರಾವಣ ಹೀರಿದ ಕಾಗದದ ಬಿಲ್ಲೆಯಿಟ್ಟು, ರಾತ್ರಿಯಿಡೀ 37 ಡಿಗ್ರಿಯಲ್ಲಿ ಬಿಡುತ್ತಾರೆ. ಬೆಳಿಗ್ಗೆ ಬಿಲ್ಲೆಯ ಸುತ್ತ ತಿಳಿಯಾದ ಉಂಗುರ ಕಂಡರೆ ಅಲ್ಲಿ ಬ್ಯಾಕ್ಟೀರಿಯಾ ಬೆಳೆದಿಲ್ಲ. ಆದರೆ ಆ ಉಂಗುರ ಯಾರ ಕೆಲಸ? ಕಣಗಳು ಅಗಾರಿನೊಳಗೆ ಸುಲಭವಾಗಿ ಸರಿಯುವುದಿಲ್ಲ, ಅಯಾನುಗಳು ಸರಾಗವಾಗಿ ಹರಿಯುತ್ತವೆ. ಫ್ಲಾಸ್ಕಿನಲ್ಲಿ ಮಾರ್ಪಡದೆ ಉಳಿದ ಸಿಲ್ವರ್ ನೈಟ್ರೇಟೇ ಬ್ಯಾಕ್ಟೀರಿಯಾವನ್ನು ಕೊಂದಿರಬಹುದು. ಬೇವಿನ ಸಾರವೂ ಕೊಂದಿರಬಹುದು. ಪಕ್ಕದಲ್ಲಿ ಅಷ್ಟೇ ಬೆಳ್ಳಿಯ ಸಿಲ್ವರ್ ನೈಟ್ರೇಟ್ ಬಿಲ್ಲೆ, ಬರೀ ಕಷಾಯದ ಬಿಲ್ಲೆ ಇಡದೆ ಕಣಕ್ಕೆ ಕೀರ್ತಿ ಕೊಡುವುದು ತಪ್ಪು. ಇನ್ನೊಂದು ಕಷ್ಟ ಎಲೆಯದೇ. ಯುಗಾದಿಯ ಚಿಗುರು ಬೇವಿನ ಸಾರ ಬೇರೆ, ಮಳೆಗಾಲದ ಬಲಿತ ಎಲೆಯ ಸಾರ ಬೇರೆ. ಸಾರ ಬದಲಾದರೆ ಕಣದ ಗಾತ್ರ ಬದಲಾಗುತ್ತದೆ. ಸಲಸಲಕ್ಕೂ ಬದಲಾಗುವ ವಸ್ತುವನ್ನು ರೋಗಿಯ ಗಾಯಕ್ಕೆ ಹಚ್ಚಲಾಗದು.

ಗಿಡದಿಂದ ಬಂದದ್ದು, ಹಾಗಾಗಿ ನಿರಪಾಯ ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಕರಗಿದ ಬೆಳ್ಳಿ ಮೀನುಗಳಿಗೆ ವಿಷ. ಆರೋಗ್ಯಕ್ಕೆ ಒಳ್ಳೆಯದೆಂದು ಬೆಳ್ಳಿಯ ದ್ರಾವಣ ಕುಡಿದು, ಮೈಬಣ್ಣ ಶಾಶ್ವತವಾಗಿ ಬೂದುನೀಲಿಗೆ ತಿರುಗಿದವರಿದ್ದಾರೆ. ಈ ಸ್ಥಿತಿಗೆ ಆರ್ಜಿರಿಯಾ ಎನ್ನುತ್ತಾರೆ. ಔಷಧವೆಂದು ಮಾರುವ ಇಂಥ ದ್ರಾವಣ ಸುರಕ್ಷಿತವೂ ಅಲ್ಲ, ಪರಿಣಾಮಕಾರಿಯೂ ಅಲ್ಲ ಎಂದು ಅಮೆರಿಕದ ಔಷಧ ನಿಯಂತ್ರಕರು 1999ರಲ್ಲೇ ಹೇಳಿದ್ದಾರೆ.

ಈ ವರ್ಷವೂ ನಮ್ಮ ಕಾಲೇಜುಗಳಲ್ಲಿ ಯಾರೋ ಒಬ್ಬ ವಿದ್ಯಾರ್ಥಿನಿ ಎಂ.ಎಸ್ಸಿ. ಪ್ರಾಜೆಕ್ಟಿಗೆಂದು ಬೇವಿನ ಎಲೆ ಕುದಿಸುತ್ತಿರುತ್ತಾಳೆ. ಅವಳಲ್ಲಿ ಮತ್ತು ಅವಳ ಮಾರ್ಗದರ್ಶಕರಲ್ಲಿ ನನ್ನ ವಿನಂತಿ: ತಟ್ಟೆಯಲ್ಲಿ ಇನ್ನೆರಡು ಬಿಲ್ಲೆಗೆ ಜಾಗ ಮಾಡಿ. ಎಲೆ ಕೊಯ್ದ ಮರ, ಕೊಯ್ದ ತಿಂಗಳು ಎರಡನ್ನೂ ನೋಟ್ ಪುಸ್ತಕದಲ್ಲಿ ಬರೆದಿಡಿ. ಉಳಿದ ಕಂದು ದ್ರಾವಣವನ್ನು ಸಿಂಕಿಗೆ ಸುರಿಯದೆ ಬೇರೆ ಬಾಟಲಿಯಲ್ಲಿ ಕೂಡಿಡಿ.