ಕಾಡು ಕಾಯುವ ಬೆಂಕಿ

ಬೆಂಕಿಯೆಂದರೆ ಕಾಡಿನ ವೈರಿ ಎಂಬುದು ಸಾಮಾನ್ಯ ನಂಬಿಕೆ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಲೆಕ್ಕದಲ್ಲಿ ಬೆಂಕಿಯೆಲ್ಲ ಒಂದೇ ಅಲ್ಲ. ಬೇಸಿಗೆ ಬಲಿಯುವ ಮುನ್ನ, ನೆಲಕ್ಕೆ ಉದುರಿದ ಎಲೆಗಳಿಗೆ ಅವರು ಹಚ್ಚುತ್ತಿದ್ದುದು ‘ತರಗು ಬೆಂಕಿ’. ನೆಲಮಟ್ಟದಲ್ಲೇ ಹರಿದು ಬೇಗ ಆರುವ ಈ ಬೆಂಕಿಯಿಂದ ದೊಡ್ಡ ಮರಗಳಿಗೆ ಅಪಾಯ ಕಡಿಮೆ. ಹೊಸ ಹುಲ್ಲು ಚಿಗುರುತ್ತದೆ, ನೆಲ್ಲಿಮರಕ್ಕೆ ಅಂಟುವ ಬಂದಳಿಕೆ ಹತೋಟಿಯಲ್ಲಿರುತ್ತದೆ ಎಂಬುದು ಅವರ ಅನುಭವ.

1974ರಲ್ಲಿ ಬೆಟ್ಟ ವನ್ಯಜೀವಿಧಾಮವಾಯಿತು. ಬೇಟೆ, ಬೇಸಾಯಗಳೊಡನೆ ತರಗು ಬೆಂಕಿಗೂ ತಡೆ ಬಿತ್ತು. ಇತ್ತ ಬ್ರಿಟಿಷರ ಕಾಲದಲ್ಲಿ ಹೂದೋಟದ ಅಲಂಕಾರಕ್ಕೆಂದು ಭಾರತಕ್ಕೆ ಬಂದ ಅಮೆರಿಕ ಮೂಲದ ಲಂಟಾನ ಕಾಡನ್ನು ಕವಿಯಿತು. ಇಲ್ಲಿ ಸಮೀಕ್ಷೆ ನಡೆಸಿದ ತಾಣಗಳಲ್ಲಿ 1997ರಲ್ಲಿ ಶೇಕಡಾ 41ರಷ್ಟರಲ್ಲಿದ್ದ ಲಂಟಾನ, 2008ರ ವೇಳೆಗೆ ಶೇಕಡಾ 81ರಷ್ಟರಲ್ಲಿ ಕಂಡುಬಂತು. ತರಗು ಬೆಂಕಿ ನಿಂತದ್ದೇ ಇದಕ್ಕೆ ಕಾರಣವೆನ್ನುತ್ತಾರೆ ಸೋಲಿಗರು.

ಒಣಗಿದ ಲಂಟಾನ ಬೆಂಕಿಗೆ ಏಣಿಯಿದ್ದಂತೆ. ನೆಲದ ಉರಿ ಅದನ್ನು ಹಿಡಿದು ಮರದ ನೆತ್ತಿಗೇರುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಕಾಡು ಸುಟ್ಟಾಗ ಒಣ ಹವೆಯೊಂದಿಗೆ ಈ ಪೊದೆಯೂ ಉರಿಗೆ ಇಂಬಾಯಿತು. ಭೂಮಿಯ ತಾಪ ಏರಿದಂತೆ ಇಂಥ ಒಣ ದಿನಗಳು ಹೆಚ್ಚುತ್ತವೆ.

ಹಾಗೆಂದು ಇಂದೇ ಕಡ್ಡಿ ಗೀರುವಂತಿಲ್ಲ. ಲಂಟಾನ ತುಂಬಿದ ಕಾಡಿನಲ್ಲಿ ತರಗು ಬೆಂಕಿಯೂ ಕಾಡುಗಿಚ್ಚಾದೀತು. ಎತ್ತರದ ಶೋಲಾ ಕಾಡುಗಳಂತೂ ಯಾವ ಬೆಂಕಿಯನ್ನೂ ತಾಳವು. ಮೊದಲು ಪೊದೆ ಕಿತ್ತು, ಬಳಿಕ ಎಲ್ಲಿ, ಯಾವಾಗ, ಎಷ್ಟು ಸುಡಬೇಕೆಂದು ಬಲ್ಲವರನ್ನು ಕೇಳಬೇಕು. ತರಗು ಬೆಂಕಿ ಹಚ್ಚಿ ಬಲ್ಲ ಹಿರಿಯರು ಹಾಡಿಗಳಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.