ಕೆಂಡ ಕೇಳಲು ಬಂದವರು

ಗೌರಸಮುದ್ರದ ಮಾರಮ್ಮನ ಜಾತ್ರೆಗೆ ನಾನು ಮೊದಲು ಹೋದದ್ದು ಅಜ್ಜನ ಎತ್ತಿನ ಗಾಡಿಯಲ್ಲಿ. ಶ್ರಾವಣದ ಅಮಾವಾಸ್ಯೆ ಕಳೆದ ಮಂಗಳವಾರ, ಚಳ್ಳಕೆರೆ ತಾಲ್ಲೂಕಿನ ತುಮಲು ಎಂಬ ಬಯಲಲ್ಲಿ ಭಕ್ತರು ಅಮ್ಮನಿಗೆ ಈರುಳ್ಳಿ ತೂರುತ್ತಾರೆ. ನಾವು ಗಾಡಿ ಬಿಟ್ಟು, ಮೂರು ಗುಂಡು ಹೂಡಿ ಒಲೆ ಹಚ್ಚಿದ್ದೆವು. ಪಕ್ಕದ ಗಾಡಿಯವರು ಕೆಂಡ ಕೇಳಲು ಬಂದರು.

"ಏನು ಬೇಯಿಸ್ತೀರಪ್ಪಾ?" ಅಂದ ಅಜ್ಜ.

"ಕೋಳಿ, ಯಜಮಾನ್ರೇ."

ಅಜ್ಜ ಗಳಿಗೆ ಹೊತ್ತು ಸುಮ್ಮನಿದ್ದ. ಆಮೇಲೆ ಬೆರಣಿಯ ಮೇಲೆ ಕೆಂಡ ಇಟ್ಟುಕೊಟ್ಟ. "ಒಯ್ಯಿರಿ. ಇದನ್ನ ತಿರುಗಿ ತರಬೇಡಿ. ಗಾಳಿ ನಮ್ಮ ಕಡೆ ಬೀಸ್ತೈತೆ, ಒಲೆ ಆ ಮಗ್ಗುಲಿಗೆ ಹೂಡ್ರಿ." ಅವರು ಮರುಮಾತಿಲ್ಲದೆ ಗುಂಡು ಎತ್ತಿಕೊಂಡು ಸರಿದರು. ರಾತ್ರಿ ಅದೇ ಜನ ನಮ್ಮ ಬೆಂಕಿಯ ಸುತ್ತ ಕೂತು ಮಳೆ-ಬೆಳೆ ಮಾತಾಡಿದರು.

ಅಜ್ಜನ ಆ ಮೌನ ನನಗೆ ಅರ್ಥವಾದದ್ದು ಬಹಳ ವರ್ಷಗಳ ನಂತರ, ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಬಗ್ಗೆ 1909ರಲ್ಲಿ ಹೊರತಂದ ಏಳು ಸಂಪುಟಗಳನ್ನು ತಿರುವುವಾಗ. ನಮ್ಮ ಮ್ಯಾಸಬೇಡರು ಊರ ಹೊರಗೆ, ಗುಡ್ಡದ ಮಗ್ಗುಲಲ್ಲಿ ತಾತ್ಕಾಲಿಕ ಗುಡಿಸಲು ಹಾಕಿಕೊಂಡು ಇರುತ್ತಾರೆ, ಕೋಳಿ-ಹಂದಿ ಮುಟ್ಟುವುದಿಲ್ಲ ಎಂದು ಅಲ್ಲಿದೆ. ದನದ ಹಿಂದೆ ನಡೆದು, ಬಯಲನ್ನೇ ಮನೆ ಮಾಡಿಕೊಂಡ ಜನರಿಗೆ ಒಲೆಯ ಸುತ್ತಲಿನ ನೆಲವೇ ಅಡುಗೆಮನೆ. ಗೋಡೆ ಇಲ್ಲದ ಕಡೆ ಮಾತೇ ಗೋಡೆ. ಬೆಂಕಿ ಇಲ್ಲವೆನ್ನಬಾರದು, ಒಲೆಯ ಶುದ್ಧಿಯೂ ಕೆಡಬಾರದು. ಎರಡೂ ಉಳಿಯಲೆಂದೇ ಅಜ್ಜ ಮೊದಲು ಕೇಳಿದ್ದು.

ಹೊಲದಲ್ಲಿ ಕುರಿ ತರುಬುವವರಿಗೂ ಇಂಥದೇ ನೇಮ. ತೋಳ ಹತ್ತಿರ ಸುಳಿಯದಿರಲೆಂದು ಕುರಿಗಾಹಿಗೆ ರಾತ್ರಿಯೆಲ್ಲ ಬೆಂಕಿ ಬೇಕು. ರೈತನಿಗೆ ತನ್ನ ಬಣವೆಯ ಚಿಂತೆ. ಸೌದೆ ಯಾರದು ಎಂದು ಜಗಳವಾಗುತ್ತಿತ್ತು. ಆದರೆ ಬೆಳಿಗ್ಗೆ ಹೊರಡುವ ಮುಂಚೆ ಕೆಂಡಕ್ಕೆ ಮಣ್ಣು ಮುಚ್ಚಬೇಕು ಎಂಬುದಕ್ಕೆ ತಕರಾರಿರಲಿಲ್ಲ.

ಈ ನಡವಳಿಕೆಗೆ ನೆಲೆ ಕೊಟ್ಟದ್ದು ವಿಶಾಲವಾದ ಕಾವಲುಗಳು. ಮೈಸೂರು ಅರಸರ ದನಗಳ ಇಲಾಖೆಯಾದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತ್ ಮಹಲ್ ಆಯಿತು. ಆ ಹೆಸರಿನ ಹುಲ್ಲುಗಾವಲಲ್ಲಿ ಮಂದೆಗಳು ತಂಗುತ್ತಿದ್ದವು. 2009ರ ಆಸುಪಾಸಿನಲ್ಲಿ ಚಳ್ಳಕೆರೆಯ ಕಾವಲಿನ ಸಾವಿರಾರು ಎಕರೆ ಡಿಆರ್‌ಡಿಒ, ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಗೋಡೆ ಎದ್ದಿತು. 2017ರಲ್ಲಿ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. ದೇಶಕ್ಕೆ ವಿಜ್ಞಾನ ಬೇಕು, ನಿಜ. ಮಂದೆಗೆ ರಾತ್ರಿ ಕಳೆಯಲು ಜಾಗವೂ ಬೇಕಿತ್ತು.

ಹೋದ ಸಲ ಜಾತ್ರೆಗೆ ಕಾರಿನಲ್ಲಿ ಹೋದೆ. ಸುತ್ತ ಟ್ರ್ಯಾಕ್ಟರುಗಳು, ಒಂದೊಂದರ ಬಳಿಯೂ ಗ್ಯಾಸ್ ಒಲೆ. ಪಕ್ಕದವರು ಕೋಳಿ ಬೇಯಿಸಿದರು. ವಾಸನೆ ನಮ್ಮ ಕಡೆಗೇ ಬಂತು. ಅವರು ನಮ್ಮನ್ನು ಏನೂ ಕೇಳಬೇಕಿರಲಿಲ್ಲ, ನಾವೂ ಅವರನ್ನು ಕೇಳಲಿಲ್ಲ. ಬೆಳಿಗ್ಗೆ ಹೊರಟಾಗ ಅವರು ಯಾವ ಊರಿನವರೆಂದೂ ನನಗೆ ಗೊತ್ತಿರಲಿಲ್ಲ.