ಹೆಸರು ಚಿಲ್ಲರ್, ಆಟ ಮಾತ್ರ ಚಿಲ್ಲರೆಯಲ್ಲ!



ಪ್ರತಿ ವರ್ಷ ಫೆಬ್ರವರಿಯ ಒಂದು ಸೋಮವಾರ ಬೆಳಗಿನ ಐದು ಗಂಟೆಗೆ, ಹಾಲಿನವನು ಬರುವ ಮುಂಚೆಯೇ, ನಮ್ಮ ಹೈದರಾಬಾದಿನ ಕೆಲವು ಮನೆಗಳಲ್ಲಿ ಟಿವಿ ಆನ್ ಆಗಿರುತ್ತದೆ. ಡಲ್ಲಾಸ್‌ನಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಅಣ್ಣನಿಂದ ಹುಚ್ಚು ಹಿಡಿಸಿಕೊಂಡ ಹುಡುಗರು ಅಮೆರಿಕದ 'ಸೂಪರ್ ಬೌಲ್' ನೋಡುತ್ತಾ ಕೂತಿರುತ್ತಾರೆ. ಅಡುಗೆಮನೆಯಿಂದ ಅಮ್ಮ ಕೇಳುತ್ತಾರೆ: "ಅದೇನೋ ಫುಟ್‌ಬಾಲ್ ಅಂತೀಯ, ಒಬ್ಬನೂ ಕಾಲಲ್ಲಿ ಒದೆಯೋದೇ ಇಲ್ವಲ್ಲೋ?"

ಪ್ರಶ್ನೆ ಸರಿಯಾಗಿಯೇ ಇದೆ. ಈ ಸಲ ಆ ಆಟದ ಬಗ್ಗೆ, ಅದರಲ್ಲಿ 'ಲೈನ್‌ಬ್ಯಾಕರ್' ಎಂಬ ಕೆಲಸ ಮಾಡುವವರ ಬಗ್ಗೆ, ಆ ಕೆಲಸದಲ್ಲಿ ಏಳು ವರ್ಷ ದುಡಿದು ಕೊನೆಗೆ ಭಾರತದ ಕಡೆ ಮುಖ ಮಾಡಿದ ಬ್ರ್ಯಾಂಡನ್ ಚಿಲ್ಲರ್ ಬಗ್ಗೆ ಮಾತಾಡೋಣ. ಹೆಸರು ಕೇಳಿದರೆ ಸಿಟಿ ಬಸ್ ಕಂಡಕ್ಟರ್ ನೆನಪಾಗಬಹುದು. ಚಿಲ್ಲರೆ ಕೊಡಿ ಅಂತ ಕೇಳುವವರು ಕನ್ನಡದಲ್ಲೂ ಇದ್ದಾರೆ, ತೆಲುಗಿನಲ್ಲೂ ಇದ್ದಾರೆ! ಆದರೆ ಈ ಚಿಲ್ಲರ್ ಆರಡಿ ಮೂರಿಂಚು ಎತ್ತರದ ಆಳು.

ಮೊದಲು ಆಟ ಏನು ಅಂತ ನೋಡೋಣ

ನೂರು ಗಜದ ಮೈದಾನ, ಎರಡೂ ತುದಿಯಲ್ಲಿ ಹತ್ತು ಹತ್ತು ಗಜದ ಗೆಲುವಿನ ಜಾಗ. ಒಂದೊಂದು ತಂಡದಲ್ಲಿ ಹನ್ನೊಂದು ಜನ. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಅವಕಾಶ, ಅಷ್ಟರಲ್ಲಿ ಹತ್ತು ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಅವಕಾಶ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಚೆಂಡನ್ನು ಕೊನೆಯ ಗೆರೆ ದಾಟಿಸಿದರೆ 'ಟಚ್‌ಡೌನ್', ಆರು ಅಂಕ.

ಇನ್ನೂ ಸುಲಭವಾಗಿ ಹೇಳಬೇಕೆಂದರೆ ಕಬಡ್ಡಿ ನೆನಪಿಸಿಕೊಳ್ಳಿ. ತೆಲುಗು ಟೈಟನ್ಸ್ ಮತ್ತು ಬೆಂಗಳೂರು ಬುಲ್ಸ್ ಪಂದ್ಯ ಇದ್ದಾಗ ಯಾರಿಗೆ ಚಪ್ಪಾಳೆ ಹೊಡೆಯಬೇಕು ಅಂತ ನಮ್ಮ ಮನೆಗಳಲ್ಲಿ ಜಗಳವೇ ಆಗುತ್ತದಲ್ಲ, ಅದೇ ಕಬಡ್ಡಿ. ಅಲ್ಲಿ ರೈಡರ್ ಒಬ್ಬನೇ ಬರುತ್ತಾನೆ. ಇಲ್ಲಿ ಚೆಂಡು ಹಿಡಿದ ರೈಡರ್‌ನ ಮುಂದೆ ಐದು ಜನ ಗೋಡೆಯಂಥ ಆಸಾಮಿಗಳು ದಾರಿ ಬಿಡಿಸಿಕೊಂಡು ಬರುತ್ತಾರೆ. ಒಬ್ಬೊಬ್ಬನ ತೂಕ 130 ಕೆಜಿಗೂ ಮೇಲೆ. ಅವರನ್ನೆಲ್ಲ ತಪ್ಪಿಸಿ ರೈಡರ್‌ನನ್ನು ನೆಲಕ್ಕೆ ಕೆಡವಬೇಕು.

ಹಿಡಿಯುವ ತಂಡ ಮೂರು ಸಾಲಾಗಿ ನಿಲ್ಲುತ್ತದೆ. ಮುಂದಿನ ಸಾಲು ಎದುರಾಳಿಯ ಗೋಡೆಯನ್ನು ತಳ್ಳುತ್ತದೆ. ಹಿಂದಿನ ಸಾಲು ದೂರ ಎಸೆದ ಚೆಂಡನ್ನು ಕಾಯುತ್ತದೆ. ನಡುವಿನ ಸಾಲಿನವನೇ ನಮ್ಮ ಲೈನ್‌ಬ್ಯಾಕರ್. ಇವನಿಗೆ ಒಂದಲ್ಲ, ಮೂರು ಕೆಲಸ. ಚೆಂಡು ಹಿಡಿದು ಓಡಿ ಬರುವವನನ್ನು ಕೆಡವಬೇಕು, ಎಸೆತ ಬಂದರೆ ಹಿಂದಕ್ಕೆ ಓಡಿ ತಡೆಯಬೇಕು, ಒಮ್ಮೊಮ್ಮೆ ಚೆಂಡು ಎಸೆಯುವವನ ಮೇಲೆಯೇ ನುಗ್ಗಬೇಕು. ಮೂರರಲ್ಲಿ ಯಾವುದು ಅಂತ ಒಂದೆರಡು ಸೆಕೆಂಡಿನಲ್ಲಿ ತೀರ್ಮಾನಿಸಬೇಕು. ತಪ್ಪಿದರೆ ಎದುರಾಳಿ ಮೂವತ್ತು ಗಜ ಮುಂದೆ ಹೋಗಿರುತ್ತಾನೆ.

ಚಿಲ್ಲರ್ ಕಥೆ

ಬ್ರ್ಯಾಂಡನ್ ಚಿಲ್ಲರ್ ಹುಟ್ಟಿದ್ದು 1982ರ ಅಕ್ಟೋಬರ್ 21ರಂದು, ಲಾಸ್ ಏಂಜಲೀಸ್‌ನಲ್ಲಿ. ತಂದೆ ಭಾರತೀಯ ಮೂಲದವರು. ಎನ್‌ಎಫ್‌ಎಲ್ ಎಂಬ ಅಮೆರಿಕದ ದೊಡ್ಡ ಲೀಗ್‌ನಲ್ಲಿ ಆಡಿದ ಭಾರತೀಯ ಮೂಲದವರನ್ನು ಇವತ್ತಿಗೂ ಬೆರಳಲ್ಲಿ ಎಣಿಸಬಹುದು. ಅವರಲ್ಲಿ ಚಿಲ್ಲರ್ ಒಬ್ಬರು.

ಯುಸಿಎಲ್‌ಎ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ ಮೇಲೆ 2004ರ 'ಡ್ರಾಫ್ಟ್' ಬಂತು. ಇದು ಐಪಿಎಲ್ ಹರಾಜಿನಂತಲ್ಲ. ತಂಡಗಳು ಸರದಿ ಪ್ರಕಾರ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುತ್ತವೆ, ಒಟ್ಟು ಏಳು ಸುತ್ತು. ಚಿಲ್ಲರ್ ನಾಲ್ಕನೇ ಸುತ್ತಿನಲ್ಲಿ, ಒಟ್ಟಾರೆ 130ನೆಯವರಾಗಿ ಸೇಂಟ್ ಲೂಯಿಸ್ ರ್ಯಾಮ್ಸ್ ತಂಡ ಸೇರಿದರು. ಅಲ್ಲಿ ನಾಲ್ಕು ವರ್ಷ. 2008ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ತಂಡಕ್ಕೆ ಬಂದರು. ಎಸೆದ ಚೆಂಡನ್ನು ತಡೆಯುವುದರಲ್ಲಿ ಇವರ ಕೈ ಒಳ್ಳೆಯದು ಅಂತ ಹೆಸರಾಯಿತು. 2009ರ ಡಿಸೆಂಬರ್‌ನಲ್ಲಿ ತಂಡ ನಾಲ್ಕು ವರ್ಷಕ್ಕೆ ಒಪ್ಪಂದ ವಿಸ್ತರಿಸಿತು. ಬದುಕು ಸೆಟಲ್ ಆಯಿತು ಅಂತ ಯಾರಿಗಾದರೂ ಅನ್ನಿಸುವ ಹೊತ್ತು ಅದು.

ಮರುವರ್ಷವೇ ಗಾಯ. 2010ರ ಋತುವಿನ ನಡುವೆ ಅವರನ್ನು ಗಾಯಾಳುಗಳ ಪಟ್ಟಿಗೆ ಸೇರಿಸಿದರು. ಆ ಪಟ್ಟಿಗೆ ಸೇರಿದವರು ಆ ವರ್ಷ ಮತ್ತೆ ಮೈದಾನಕ್ಕೆ ಇಳಿಯುವಂತಿರಲಿಲ್ಲ. 2011ರ ಫೆಬ್ರವರಿ 6ರಂದು ಪ್ಯಾಕರ್ಸ್ ತಂಡ ಪಿಟ್ಸ್‌ಬರ್ಗ್ ಸ್ಟೀಲರ್ಸ್ ವಿರುದ್ಧ 31-25ರಿಂದ ಸೂಪರ್ ಬೌಲ್ ಗೆದ್ದಿತು. ಚಿಲ್ಲರ್ ಚಾಂಪಿಯನ್ ತಂಡದವರು, ಆದರೆ ಅಂದು ಆಡಿದವರಲ್ಲ. ಆ ಸಲ ತಂಡದಲ್ಲಿ ಗಾಯಾಳುಗಳೇ ಒಂದು ಡಜನ್‌ಗೂ ಹೆಚ್ಚು ಇದ್ದರು. ಅವರು ಬಂದು ಸೇರುವ ಮೊದಲೇ ತಂಡದ ಗ್ರೂಪ್ ಫೋಟೊ ತೆಗೆಯಲು ಹೊರಟಿದ್ದರು. ಗಾಯಾಳುಗಳಲ್ಲಿ ಕೆಲವರು ಬಹಿರಂಗವಾಗಿಯೇ ಬೇಸರ ತೋಡಿಕೊಂಡ ಮೇಲೆ ಫೋಟೊ ದಿನವನ್ನೇ ಮುಂದಕ್ಕೆ ಹಾಕಿದರು. ಮದುವೆ ಮನೆಯಲ್ಲಿ ಎಲ್ಲ ಕೆಲಸ ಮಾಡಿ, ಫೋಟೊ ಹೊತ್ತಿಗೆ ಮರೆತುಹೋದ ಚಿಕ್ಕಪ್ಪನ ನೋವು ನಮಗೆ ಗೊತ್ತಿಲ್ಲವೇ!

ಅದೇ ಜುಲೈನಲ್ಲಿ ತಂಡ ಚಿಲ್ಲರ್ ಅವರನ್ನು ಕೈಬಿಟ್ಟಿತು. ನಾಲ್ಕು ವರ್ಷದ ಒಪ್ಪಂದ ಏನಾಯಿತು ಅಂತ ಕೇಳಬಹುದು. ಈ ಲೀಗ್‌ನಲ್ಲಿ ಪತ್ರಿಕೆಯಲ್ಲಿ ಬರುವ ಕೋಟಿ ಕೋಟಿ ಮೊತ್ತವೆಲ್ಲ ಕೈಗೆ ಬರುವ ಹಣವಲ್ಲ. ಸಹಿ ಹಾಕುವಾಗ ಕೊಟ್ಟಿದ್ದು, ಖಾತರಿ ಅಂತ ಬರೆದಿದ್ದು ಮಾತ್ರ ಗಟ್ಟಿ. ಉಳಿದದ್ದು ಆ ವರ್ಷ ತಂಡದಲ್ಲಿದ್ದರೆ ಮಾತ್ರ. ತಂಡ ಬೇಡ ಅಂದರೆ ಮುಗಿಯಿತು. ಅಷ್ಟು ಹೊತ್ತಿಗೆ ಅವರ ಜಾಗದ ಇಬ್ಬರು, ಎ.ಜೆ. ಹಾಕ್ ಮತ್ತು ಡೆಸ್ಮಂಡ್ ಬಿಷಪ್, ಹೊಸ ಒಪ್ಪಂದಕ್ಕೆ ಸಹಿ ಹಾಕಿಯಾಗಿತ್ತು. ಚಿಲ್ಲರ್‌ಗೆ ಆಗ ಇನ್ನೂ 28 ವರ್ಷ. ನಮ್ಮಲ್ಲಿ ಆ ವಯಸ್ಸಿಗೆ ಹುಡುಗರು ಗೃಹಸಾಲಕ್ಕೆ ಅರ್ಜಿ ಹಾಕುತ್ತಿರುತ್ತಾರೆ!

ಹೈದರಾಬಾದಿಗೂ ಬಂತು ಒಂದು ತಂಡ

2011ರ ಆಗಸ್ಟ್‌ನಲ್ಲಿ 'ಎಲೀಟ್ ಫುಟ್‌ಬಾಲ್ ಲೀಗ್ ಆಫ್ ಇಂಡಿಯಾ' ಘೋಷಣೆಯಾಯಿತು. ಹಣ ಹೂಡಿದವರಲ್ಲಿ ಚಿಲ್ಲರ್ ಕೂಡ ಇದ್ದರು. ಎಂಟು ತಂಡಗಳಲ್ಲಿ ನಮ್ಮೂರಿನದು ಹೈದರಾಬಾದ್ ಸ್ಕೈಕಿಂಗ್ಸ್, ತವರಿನದು ಬೆಂಗಳೂರು ವಾರ್‌ಹಾಕ್ಸ್. ನಮಗೆ ಮತ್ತೆ ಅದೇ ಧರ್ಮಸಂಕಟ! 2012ರಲ್ಲಿ ಪಂದ್ಯಗಳು ನಡೆದದ್ದು ಕೊಲಂಬೊದಲ್ಲಿ. ಫೈನಲ್‌ನಲ್ಲಿ ಪುಣೆ ಮರಾಠಾಸ್ ತಂಡ ದೆಹಲಿ ಡಿಫೆಂಡರ್ಸ್ ವಿರುದ್ಧ 6-0ರಿಂದ ಗೆದ್ದಿತು. ಆದರೆ ಈ ಲೀಗ್ ಐಪಿಎಲ್‌ನಂತೆಯಾಗಲಿ, ಪ್ರೊ ಕಬಡ್ಡಿಯಂತೆಯಾಗಲಿ ನಮ್ಮ ಮಣ್ಣಲ್ಲಿ ಬೇರೂರಲಿಲ್ಲ. ಇಲ್ಲಿ ಲೈನ್‌ಬ್ಯಾಕರ್ ಆಗಿ ಹೊಟ್ಟೆ ಹೊರೆಯುವ ದಾರಿ ಇವತ್ತಿಗೂ ತೆರೆದಿಲ್ಲ.

ತಲೆ ಇದ್ದರೆ ತಾನೆ ಟೋಪಿ?

ಇನ್ನೊಂದು ಮಾತು ಹೇಳಲೇಬೇಕು. ಹೆಲ್ಮೆಟ್ ಇದ್ದರೂ ಪ್ರತಿ ಡಿಕ್ಕಿಗೆ ತಲೆಬುರುಡೆಯೊಳಗೆ ಮೆದುಳು ಅಲುಗಾಡುತ್ತದೆ. ಹೆಲ್ಮೆಟ್ ಬುರುಡೆಯನ್ನು ಕಾಯುತ್ತದೆ, ಒಳಗಿನ ಅಲುಗಾಟವನ್ನು ಪೂರ್ತಿ ತಡೆಯಲಾರದು. ವರ್ಷಗಟ್ಟಲೆ ಇಂಥ ಪೆಟ್ಟು ತಿಂದವರಲ್ಲಿ ಸಿಟಿಇ ಎಂಬ ಮೆದುಳಿನ ಕಾಯಿಲೆ ಕಂಡುಬಂದಿದೆ. ಹೆಸರಾಂತ ಲೈನ್‌ಬ್ಯಾಕರ್ ಜೂನಿಯರ್ ಸಿಯಾವ್ 2012ರಲ್ಲಿ ತೀರಿಕೊಂಡ ಮೇಲೆ ಅವರ ಮೆದುಳಿನಲ್ಲಿ ಇದೇ ಕಾಯಿಲೆ ಇದ್ದದ್ದು ಖಚಿತವಾಯಿತು. 2015ರಲ್ಲಿ ಕ್ರಿಸ್ ಬೋರ್ಲ್ಯಾಂಡ್ ಎಂಬ 24ರ ಲೈನ್‌ಬ್ಯಾಕರ್ ಒಂದೇ ವರ್ಷ ಆಡಿ, ತಲೆಯ ಯೋಚನೆಯಿಂದಲೇ ಆಟ ಬಿಟ್ಟರು. ಹಣ, ಹೆಸರು ಎರಡೂ ಕಣ್ಣೆದುರಿಗೆ ಇದ್ದಾಗ ಹಾಗೆ ಎದ್ದು ಬರುವುದಕ್ಕೂ ಧೈರ್ಯ ಬೇಕು.

ಹಾಗಾದರೆ ನಮ್ಮ ಹುಡುಗರು ಏನು ಮಾಡಬೇಕು? ಒಂದು ಒಳ್ಳೆಯ ದಾರಿ ಇದೆ. 'ಫ್ಲ್ಯಾಗ್ ಫುಟ್‌ಬಾಲ್' ಅಂತ ಇದೇ ಆಟದ ಸೌಮ್ಯ ರೂಪ. ಕೆಡವುವುದಿಲ್ಲ, ಗುದ್ದುವುದಿಲ್ಲ. ಓಡುವವನ ಸೊಂಟಕ್ಕೆ ಸಿಕ್ಕಿಸಿದ ಪಟ್ಟಿ ಕಿತ್ತರೆ ಸಾಕು, ಅವನು ನಿಂತಂತೆ. ಒಂದು ತಂಡದಲ್ಲಿ ಐದೇ ಜನ, ಹೆಣ್ಣುಮಕ್ಕಳೂ ಆಡುತ್ತಾರೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಇದನ್ನು ಸೇರಿಸಿದ್ದು 2023ರ ಅಕ್ಟೋಬರ್‌ನಲ್ಲಿ, ನಮ್ಮ ಮುಂಬೈಯಲ್ಲೇ ನಡೆದ ಸಭೆಯಲ್ಲಿ. ನಮ್ಮ ಕ್ರಿಕೆಟ್‌ಗೂ ಅದೇ ಸಭೆಯಲ್ಲಿ ಜಾಗ ಸಿಕ್ಕಿತು.

ಮುಂದಿನ ಸಲ ನಿಮ್ಮ ಮಗ ಬೆಳಗಿನ ಐದಕ್ಕೆ ಟಿವಿ ಹಾಕಿದರೆ ಬೈಯಬೇಡಿ. ಪಕ್ಕದಲ್ಲಿ ಕಾಫಿ ಹಿಡಿದು ಕೂತು, "ಆ ನಡುವಿನ ಸಾಲಿನವನು ಲೈನ್‌ಬ್ಯಾಕರ್ ಅಲ್ವೇನೋ?" ಅಂತ ಕೇಳಿ. ಅವನ ಮುಖ ನೋಡಬೇಕು ಆಗ! ಆಮೇಲೆ ನಿಧಾನವಾಗಿ ಚಿಲ್ಲರ್ ಕಥೆಯನ್ನೂ ಹೇಳಿ. ಆಟ ಆಡಲಿ, ಜೊತೆಗೆ ಓದೂ ನಡೆಯಲಿ, ತಲೆ ಮಾತ್ರ ಜೋಪಾನವಾಗಿರಲಿ.

ಮತ್ತೆ ಸಿಗೋಣ. ರೇಡಿಯೋ ಆನ್ ಇರಲಿ, ಮನೆಮಾತು ಕನ್ನಡವಾಗಿರಲಿ!